ದಾನವ್ವ ತುಂಬಿದ ಉಡಿ

ಸಮಾಜಸೇವೆಯೂ ಒಂದು ನೌಕರಿ, ಅದಕ್ಕೂ ಎರಡು ವರ್ಷ ಕೂತು ಓದಬೇಕು, ಪರೀಕ್ಷೆ ಬರೆಯಬೇಕು ಎಂಬುದನ್ನು ರೋಣದ ಪಂಚಪ್ಪನವರಿಗೆ ನಂಬಿಸುವುದು ಅವರ ಮಗಳು ದಾನವ್ವನಿಂದ ಕಡೆಯವರೆಗೂ ಆಗಲಿಲ್ಲ. "ಮಂದಿ ಮನಿ ಉಸಾಬರಿ ಮಾಡಾಕ ಕಾಲೇಜ್ ಯಾಕ ಬೇಕಬೇ? ನಮ್ಮ ಓಣ್ಯಾಗಿನ ಹೆಂಗಸ್ರು ಒಂದಕ್ಷರ ಕಲೀಲಾರದ ಮಾಡಾಕತ್ತಾರಲ್ಲ" ಎಂದು ಅವರು ನಗುತ್ತಿದ್ದರು. ನಕ್ಕರೂ ಧಾರವಾಡಕ್ಕೆ ಕಳಿಸಿ ಓದಿಸಿದರು. ಆ ಕಾಲಕ್ಕೆ ಅಷ್ಟು ಮಾಡಿದ ಅಪ್ಪಂದಿರು ರೋಣದಲ್ಲಿ ಹೆಚ್ಚಿಗೆ ಇರಲಿಲ್ಲ.

ದಾನವ್ವನ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅವಳು ತ್ಯಾಗಮಯಿಯೂ ಅಲ್ಲ, ಬಿಳಿ ಸೀರೆಯ ಮಾತೆಯೂ ಅಲ್ಲ. ಅವಳಿಗೆ ಕುರ್ಚಿ ಬೇಕಿತ್ತು, ಮೇಜು ಬೇಕಿತ್ತು, ಹೆಸರಿನ ಕೆಳಗೆ ಒಂದು ಹುದ್ದೆ ಬೇಕಿತ್ತು. ಇದೇ ಆಸೆಯನ್ನು ಗಂಡಸು ಪಟ್ಟರೆ ಛಲಗಾರ ಅನ್ನುತ್ತೇವೆ, ಹೆಂಗಸು ಪಟ್ಟರೆ ಮೂಗು ಮುರಿಯುತ್ತೇವೆ. ಇನ್ನೊಬ್ಬರ ಕಷ್ಟ ಕಂಡರೆ ಅವಳ ಕರುಳು ಚುರಕ್ ಅನ್ನುತ್ತಿದ್ದದ್ದೂ ಸುಳ್ಳಲ್ಲ. ಈ ಎರಡೂ ಅವಳೊಳಗೆ ಇದ್ದವು, ಬಹಳ ದಿನ ಒಂದಕ್ಕೊಂದು ಅಡ್ಡ ಬರದೆ ಇದ್ದವು.

ಬೆಂಗಳೂರಿಗೆ ಬಂದದ್ದು ಎಪ್ಪತ್ತನಾಲ್ಕರಲ್ಲಿ, ಗಂಡ ಫಕೀರಪ್ಪನ ಜೊತೆ. ಅವನು ಗದಗಿನ ಕಡೆಯವನು, ಹೆಬ್ಬಾಳದ ಒಂದು ಕಾಲೇಜಿನಲ್ಲಿ ಗುಮಾಸ್ತ, ಮಾತು ಕಡಿಮೆ. ಗಂಗಾನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಮಾಡಿದರು. ಮಕ್ಕಳಾಗಲಿಲ್ಲ. ಒಂದು ಕೋಣೆ ಯಾವಾಗಲೂ ಖಾಲಿ ಬಿದ್ದಿರುತ್ತಿತ್ತು, ಊರಿಂದ ಯಾರಾದರೂ ಬಂದಾಗ ಮಾತ್ರ ಅಲ್ಲಿ ಚಾಪೆ ಬಿಡಿಸುತ್ತಿದ್ದರು.

ಹೆಬ್ಬಾಳದ ಹಳೆಯ ಬಂಗಲೆಯೊಂದರಲ್ಲಿ ಹಳ್ಳಿಯ ಹೆಂಗಸರಿಗೂ ಮಕ್ಕಳಿಗೂ ಎಂದು ಒಂದು ಸಂಸ್ಥೆ ನಡೆಯುತ್ತಿತ್ತು. ಅಲ್ಲಿ ದಾನವ್ವನಿಗೆ ಕೆಲಸ ಸಿಕ್ಕಿತು. ನಡೆಸುತ್ತಿದ್ದವರು ಲಕ್ಷ್ಮಿದೇವಮ್ಮ, ಬ್ಯಾಟರಾಯನಪುರದ ಜಮೀನುದಾರರ ಮನೆಯ ಮಗಳು, ಓದಿದವರು, ಕಟ್ಟುನಿಟ್ಟಿನವರು. ದಾನವ್ವನ ಪಾಲಿಗೆ ತಣಿಸಂದ್ರ ಬಂತು. ಆಗ ಅದು ಅಪ್ಪಟ ಹಳ್ಳಿ. ನಾಗವಾರದವರೆಗೆ ಬಸ್ಸು, ಅಲ್ಲಿಂದ ದ್ರಾಕ್ಷಿ ತೋಟ, ರಾಗಿ ಹೊಲಗಳ ನಡುವೆ ಕಾಲ್ನಡಿಗೆ. ಅಲ್ಲೊಂದು ಬಾಲವಾಡಿ ತೆರೆದಳು, ಹೆಂಗಸರ ಸಂಘ ಕಟ್ಟಿದಳು. ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದ ಅನ್ನುತ್ತಾರಲ್ಲ, ಹಾಗೆ ಬಿಸಿಲು ಮಳೆ ನೋಡದೆ ಓಡಾಡಿದಳು. ಊರವರು ಮೊದಮೊದಲು ಇವಳ ಮಾತು ಕೇಳಿ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದರು. ವರ್ಷ ಕಳೆಯುವುದರೊಳಗೆ ಅವಳು ಎಲ್ಲರ ಬಾಯಲ್ಲಿ 'ಸಂಘದಮ್ಮ' ಆದಳು.

ಮುನಿಗಂಗಮ್ಮನ ಪರಿಚಯವಾದದ್ದು ಆ ಬಾಲವಾಡಿಯಲ್ಲೇ. ಮಗಳು ಲಕ್ಕಮ್ಮನನ್ನು ಶಾಲೆಗೆ ಬಿಟ್ಟು, ಹೊಲಕ್ಕೆ ಹೋಗುವ ಮುಂಚೆ ಬಾಲವಾಡಿಯ ಅಂಗಳ ಗುಡಿಸಿಕೊಟ್ಟು ಹೋಗುವಳು. ಯಾರೂ ಹೇಳಿದ್ದಲ್ಲ, ಕೇಳಿದ್ದಲ್ಲ. ಅವಳ ಕತೆಯನ್ನು ಸಂಘದ ಹೆಂಗಸರು ಹೇಳಿದರು. ನಾಲ್ಕು ವರ್ಷದವಳಿದ್ದಾಗ ತಾಯಿ ಸತ್ತಳು, ಅಪ್ಪ ಇನ್ನೊಂದು ಮದುವೆಯಾಗಿ ಎತ್ತಲೋ ಹೋದ. ಅಜ್ಜಿ ತಂದು ಸಾಕಿದಳು. ಸಾಕಿದವಳು ಬೆಳೆದ ಹುಡುಗಿಯನ್ನು ಹೊರಗೆ ಯಾಕೆ ಕೊಡಬೇಕೆಂದು ತನ್ನ ಮಗನಿಗೇ, ಅಂದರೆ ಹುಡುಗಿಯ ಸೋದರಮಾವ ಚಿಕ್ಕಬೈರಪ್ಪನಿಗೇ, ಕಟ್ಟಿದಳು. ಆ ಕಡೆ ಇದು ಹೊಸದೇನಲ್ಲ. ಆದರೆ ಮುನಿಗಂಗಮ್ಮನ ಪಾಲಿಗೆ ತವರುಮನೆಗೂ ಗಂಡನ ಮನೆಗೂ ಒಂದೇ ಬಾಗಿಲಾಯಿತು. ಅಜ್ಜಿ ಇದ್ದಷ್ಟು ದಿನ ಹೇಗೋ ನಡೆಯಿತು. ಅಜ್ಜಿ ಹೋದ ಮೇಲೆ, ಗಂಡು ಹೆರಲಿಲ್ಲವೆಂದು ಗಂಡ ಹೊಡೆದಾಗ, ಸಿಟ್ಟು ಮಾಡಿಕೊಂಡು ಹೋಗುವುದಕ್ಕೆ ಅವಳಿಗೆ ಒಂದು ಮನೆಯೇ ಇರಲಿಲ್ಲ.

ಎಪ್ಪತ್ತೇಳರ ಒಂದು ದಿನ ಚಿಕ್ಕಬೈರಪ್ಪ ನೊಗದ ಕಣ್ಣಿ ತಗೊಂಡು ಬಾರಿಸಿದ. ಮುನಿಗಂಗಮ್ಮ ಮಗಳನ್ನು ಎಳಕೊಂಡು ಬಂದು ಬಾಲವಾಡಿಯಲ್ಲಿ ಅಡಗಿ ಕೂತಳು. ದಾನವ್ವ ಹಿಂದುಮುಂದು ನೋಡಲಿಲ್ಲ. ತಾಯಿ ಮಗಳಿಬ್ಬರನ್ನೂ ಗಂಗಾನಗರದ ತನ್ನ ಮನೆಗೆ ಕರಕೊಂಡು ಹೋಗಿ ಖಾಲಿ ಕೋಣೆಯಲ್ಲಿ ಚಾಪೆ ಬಿಡಿಸಿದಳು. ಬೆಳಗಾದ ಮೇಲೆ ತಾನೊಬ್ಬಳೇ ತಣಿಸಂದ್ರಕ್ಕೆ ವಾಪಸು ಬಂದು ಅರಳಿಕಟ್ಟೆಯ ಮೇಲೆ ಹಿರಿಯರನ್ನು ಕೂಡಿಸಿದಳು. ಚಿಕ್ಕಬೈರಪ್ಪನಿಗೆ ಮುಖದ ನೀರಿಳಿಸಿದಳು. ರೋಣದ ಭಾಷೆಯಲ್ಲಿ ಬೈದರೆ ಅರ್ಥವಾಗದಿದ್ದರೂ ಖಾರ ತಾಗುತ್ತದೆ. ಇನ್ನು ಕೈ ಎತ್ತುವುದಿಲ್ಲ ಎಂದು ಅವನು ಊರ ಮುಂದೆ ದೇವರಾಣೆ ಇಟ್ಟ.

ಮಾರನೆಯ ದಿನ ಹೆಂಡತಿಯನ್ನು ಕರೆಯಲು ಅವನೇ ಗಂಗಾನಗರಕ್ಕೆ ಬಂದ. ತಲೆ ಬಾಚಿದ್ದ, ಬಿಳಿ ಅಂಗಿ ತೊಟ್ಟಿದ್ದ, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪಿತ್ತು. ದಾನವ್ವ ಹೋಳಿಗೆ ಮಾಡಿದ್ದಳು. ಗಂಡಸರಿಬ್ಬರೂ ಕೂತು ಉಂಡರು. ಹೊರಡುವ ಹೊತ್ತಿಗೆ ದಾನವ್ವ ಮುನಿಗಂಗಮ್ಮನನ್ನು ಮಣೆಯ ಮೇಲೆ ಕೂರಿಸಿ, ಕುಂಕುಮ ಹಚ್ಚಿ, ಐದು ಹಿಡಿ ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅರಿಸಿನ ಕೊಂಬು, ಊರಿಂದ ತಂದಿಟ್ಟಿದ್ದ ಒಂದು ಗುಳೇದಗುಡ್ಡದ ಖಣ ಇಟ್ಟು ಉಡಿ ತುಂಬಿದಳು. ಅವಳಿಗೆ ಇದು ನೆನೆಸಿಕೊಂಡು ಮಾಡಿದ ಕೆಲಸವೇ ಅಲ್ಲ. ಅವರ ಕಡೆ ಮುತ್ತೈದೆ ಮನೆಗೆ ಬಂದಳೆಂದರೆ, ಗೆಳತಿಯಾಗಲಿ, ಬೀಗತಿಯಾಗಲಿ, ಓಣಿಯ ಹೊಸ ಸೊಸೆಯಾಗಲಿ, ಬರಿಗೈಲಿ ಕಳಿಸುವುದಿಲ್ಲ. ಉಡಿ ತುಂಬದೆ ಕಳಿಸಿದರೆ ದಾನವ್ವನ ತಾಯಿ ಎದ್ದು ಬಂದು ಕಿವಿ ಹಿಂಡುತ್ತಿದ್ದಳು.

ಮುನಿಗಂಗಮ್ಮ ಮಣೆಯ ಮೇಲೆ ಕೂತಲ್ಲೇ ಅಳತೊಡಗಿದಳು. ಬಿಕ್ಕಿ ಬಿಕ್ಕಿ ಅತ್ತಳು, ಲಕ್ಕಮ್ಮ ಹೆದರಿ ಅವಳ ಸೆರಗು ಹಿಡಿದುಕೊಂಡಳು. ಆಮೇಲೆ ಎದ್ದು, ಮಡಿಲಿಂದ ಒಂದು ಹಿಡಿ ಅಕ್ಕಿ ತೆಗೆದು ಅಡಿಗೆಮನೆಗೆ ಹೋಗಿ, ಹುಡುಕಿ, ಅಕ್ಕಿ ಡಬ್ಬಿಯೊಳಗೆ ಹಾಕಿ ಬಂದಳು. "ಮನೆ ತುಂಬಿರ್ಲಿ ಅಕ್ಕಾ" ಅಂದಳು. ಅಲ್ಲಿಯವರೆಗೆ ಅವಳು ದಾನವ್ವನನ್ನು ಮೇಡಮ್ಮೋರೆ ಅನ್ನುತ್ತಿದ್ದವಳು. ದಾನವ್ವನಿಗೆ ಆ ಅಕ್ಕ ಅನ್ನುವ ಮಾತು ಬಹಳ ಸಿಹಿಯಾಗಿ ಕೇಳಿಸಿತು. ಅತ್ತದ್ದು ಸಂತೋಷಕ್ಕೆ, ಅಕ್ಕಿ ಹಾಕಿದ್ದು ಮರ್ಯಾದೆಗೆ ಎಂದುಕೊಂಡಳು. ಎದುರಿಗೆ ಕೂತವರನ್ನು ಕುಲಗೋತ್ರದಿಂದ ಹಿಡಿದು ಊಟ ನಿದ್ದೆಯವರೆಗೆ ಕೇಳುವುದನ್ನೇ ಎರಡು ವರ್ಷ ಕಲಿತಿದ್ದ ಹೆಂಗಸು ಅವತ್ತು ಯಾಕೆ ಅಳುತ್ತೀ ಎಂದು ಮಾತ್ರ ಕೇಳಲಿಲ್ಲ.

ಒಡೆದ ಸಂಸಾರ ಕೂಡಿಸಿದಳೆಂದು ಸಂಸ್ಥೆಯಲ್ಲಿ ಹೆಸರಾಯಿತು. ಲಕ್ಷ್ಮಿದೇವಮ್ಮನವರು ಹೊಗಳಿದರು, ಹೊಗಳಿದ ಬಾಯಲ್ಲೇ ಎಚ್ಚರಿಕೆಯನ್ನೂ ಕೊಟ್ಟರು. "ಮನೇಲಿ ಇಟ್ಕೊಂಡಿದ್ದು ತಪ್ಪು ಕಣ್ರೀ ದಾನವ್ವ. ಇವತ್ತು ಒಬ್ಳು ಬಂದ್ಳು, ನಾಳೆ ಹತ್ತು ಜನ ಬರ್ತಾರೆ. ಏನಿದ್ರೂ ಆಫೀಸಲ್ಲೇ ನೋಡ್ಬೇಕು. ನಮ್ಮ ಕೆಲ್ಸ ದಾರಿ ತೋರ್ಸೋದು, ಹೆಗಲ ಮೇಲೆ ಕೂರಿಸ್ಕೊಳ್ಳೋದಲ್ಲ." ದಾನವ್ವ ಧಾರವಾಡದಲ್ಲಿ ಓದಿದ್ದ ಪುಸ್ತಕದಲ್ಲೂ ಇದೇ ಇತ್ತು. ಕಷ್ಟದಲ್ಲಿರುವವರು ಸಮಾಜಸೇವಕರನ್ನು ಆತುಕೊಂಡುಬಿಟ್ಟರೆ ತಮ್ಮ ಕಾಲಮೇಲೆ ನಿಲ್ಲುವುದಿಲ್ಲ ಎಂದು. ದಾನವ್ವ ತಲೆಯಾಡಿಸಿದಳು.

ಆ ವರ್ಷ ಗೌರಿ ಹಬ್ಬದ ಹಿಂದಿನ ದಿನ ಮುನಿಗಂಗಮ್ಮ ಮಗಳ ಜೊತೆ ಗಂಗಾನಗರಕ್ಕೆ ಬಂದಳು. ಎಳೇ ಮುಸುಕಿನ ಜೋಳ, ದಂಟಿನ ಸೊಪ್ಪು, ಒಂದು ಮೊರ ಕನಕಾಂಬರ ತಂದಿದ್ದಳು. ದಾನವ್ವ ಚಹಾ ಕೊಟ್ಟಳು, ಕ್ಷೇಮಸಮಾಚಾರ ಕೇಳಿದಳು. ಮುನಿಗಂಗಮ್ಮ ಹೊತ್ತು ಇಳಿಯುವವರೆಗೂ ಕೂತೇ ಇದ್ದಳು, ಏನನ್ನೋ ಕಾಯುವವಳ ಹಾಗೆ. ಆಮೇಲೆ ಎದ್ದು ಹೋದಳು. ರೋಣದ ಹೆಣ್ಣುಮಕ್ಕಳಿಗೆ ತವರಿನ ಹಬ್ಬವೆಂದರೆ ನಾಗರಪಂಚಮಿ. ಪಂಚಮಿಗೆ ಅಣ್ಣ ಬಂದು ಕರೆಯದಿದ್ದರೆ ದಾನವ್ವ ವಾರಗಟ್ಟಲೆ ಮುಖ ಊದಿಸಿಕೊಂಡಿರುತ್ತಿದ್ದಳು. ಗೌರಿ ಹಬ್ಬ ಈ ಕಡೆಯವರಿಗೆ ಅದೇ ಪಂಚಮಿ ಎಂಬುದು ಮೂರು ವರ್ಷ ಬೆಂಗಳೂರಿನ ನೀರು ಕುಡಿದರೂ ಅವಳಿಗೆ ತಿಳಿದಿರಲಿಲ್ಲ.

ಮರುವರ್ಷವೂ ಬಂದಳು, ಅದರ ಮರುವರ್ಷವೂ ಬಂದಳು. ದಾನವ್ವನಿಗೆ ಕಸಿವಿಸಿಯಾಗತೊಡಗಿತು. ನೋಡು, ಪುಸ್ತಕದಲ್ಲಿ ಹೇಳಿದಂತೆಯೇ ಆಗುತ್ತಿದೆ, ಇವಳು ನನ್ನನ್ನು ಆತುಕೊಳ್ಳುತ್ತಿದ್ದಾಳೆ ಅನ್ನಿಸಿತು. "ಗಂಗಮ್ಮ, ಏನಾದ್ರೂ ಇದ್ರೆ ಬುಧವಾರ ಆಫೀಸಿಗೆ ಬಾ. ಅಲ್ಲಿ ಆರಾಮಾಗಿ ಮಾತಾಡೋಣ" ಅಂದಳು. ಮುನಿಗಂಗಮ್ಮ ಬೆಪ್ಪಾಗಿ ನೋಡಿದಳು. "ಆಪೀಸ್ನಾಗೆ ಮಾತಾಡಾಕೆ ಏನೈತಕ್ಕಾ? ಸುಮ್ಕೆ ನೋಡ್ಕಂಡ್ ಓಗಾವ ಅಂತ ಬಂದೆ" ಎಂದು ಹೇಳಿ ಹೋದಳು. ನಾಲ್ಕನೆಯ ಗೌರಿಗೆ ಬರಲಿಲ್ಲ. ತನ್ನ ಕಾಲಮೇಲೆ ತಾನು ನಿಂತಳು ಎಂದು ದಾನವ್ವ ಸಮಾಧಾನಪಟ್ಟಳು.

ಎಂಬತ್ತೊಂದರ ಬೇಸಿಗೆಯಲ್ಲಿ ದಾನವ್ವನ ಬಹುದಿನದ ಆಸೆ ಕೈಗೆ ಬಂತು. ಬೊಂಬಾಯಿಯಲ್ಲಿ ಮೂರು ತಿಂಗಳ ತರಬೇತಿ. ಮುಗಿಸಿ ಬಂದವರಿಗೆ ಸಂಯೋಜಕಿಯ ಹುದ್ದೆ, ಕೈಕೆಳಗೆ ಜನ, ಬೇರೆ ಕೋಣೆ. ಹೋಗಲಾಗದಿದ್ದರೆ ಆ ಜಾಗಕ್ಕೆ ಇನ್ನೊಬ್ಬರು ಕಾದಿದ್ದರು. ಹೊರಡುವ ದಿನ ಬೆಳಿಗ್ಗೆ ಗೇಟಿನ ಮುಂದೆ ಆಟೋ ನಿಂತಿತ್ತು, ಫಕೀರಪ್ಪ ಟ್ರಂಕು ಎತ್ತಿ ಇಡುತ್ತಿದ್ದ. ಆ ಹೊತ್ತಿಗೆ ಸರಿಯಾಗಿ ತಲೆಮೇಲೆ ಗಂಟು ಹೊತ್ತು ಮುನಿಗಂಗಮ್ಮ ಬಂದು ನಿಂತಳು. ಪಕ್ಕದಲ್ಲಿ ಲಕ್ಕಮ್ಮ, ಹನ್ನೆರಡು ವರ್ಷ ತುಂಬಿದ ಹುಡುಗಿ, ಶಾಲೆಯ ಚೀಲ ಎದೆಗವಚಿಕೊಂಡಿದ್ದಳು. ತಣಿಸಂದ್ರದಿಂದ ನಡೆದೇ ಬಂದಿದ್ದರು, ಇಬ್ಬರ ಕಾಲೂ ಧೂಳಾಗಿದ್ದವು.

"ಏನಾಯ್ತು ಗಂಗಮ್ಮ?"

"ಅವ್ನು ಕೋಗಿಲು ಊರಿಂದ ಇನ್ನೊಬ್ಳನ್ನ ತಂದವ್ನೆ ಅಕ್ಕಾ. ಅದಾದ್ರೂ ಓಗ್ಲಿ, ಗಂಡು ಬೇಕಂತೆ, ತರ್ಲಿ. ಈಗ ಆ ಸವ್ತಿ ತಮ್ಮಂಗೆ ನಮ್ ಲಕ್ಕೀನ ಕೊಡ್ಬೇಕು ಅಂತ ಅಟ ಇಡ್ದವ್ನೆ. ಎಂಡ್ತಿ ಸತ್ತೋನು, ಮೂವತ್ತು ದಾಟೈತೆ. ಬರೋ ವಾರ ಚಪ್ರ ಆಕ್ತಾರೆ. ಇವ್ಳು ಓದ್ತೀನಿ ಅಂತ ಅಳ್ತವ್ಳೆ. ಅದ್ಕೇ ಇಬ್ರೂ ಬಂದ್ಬುಟ್ವು."

ಅದೇ ಹೊತ್ತಿಗೆ ಆಟೋದವನು ಹಾರನ್ ಒತ್ತಿದ. ಫಕೀರಪ್ಪ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ: "ಇರ್ಲಿ ಬಿಡ. ಖೋಲಿ ಖಾಲಿನ ಐತಿ. ನಾಳೆ ನಮ್ಮ ಅವ್ವಗ ತಂತಿ ಕೊಟ್ಟು ಕರಿಸ್ತೀನಿ, ಜನ ಏನೂ ಅನ್ನಂಗಿಲ್ಲ. ನೀ ಬರೂ ತನಕ ಇರ್ತಾರ."

"ಹಂಗ ಮಾಡಾಕ ಬರೂದಿಲ್ರೀ. ಒಮ್ಮೆ ಮಾಡೇ ಬೈಸಿಕೊಂಡೀನಿ. ಈ ಹೊತ್ತಿನ್ಯಾಗ ಮತ್ತೊಂದು ಸಲ ಅಂದ್ರ..." ಎಂದು ದಾನವ್ವ ಮಾತು ನುಂಗಿದಳು. ಆಮೇಲೆ ಆಫೀಸಿನ ದನಿ ತಂದುಕೊಂಡು ಮುನಿಗಂಗಮ್ಮನ ಕಡೆ ತಿರುಗಿದಳು. "ನೋಡು ಗಂಗಮ್ಮ, ಇಲ್ಲಿ ಇಟ್ಕೊಳ್ಳೋಕೆ ಬರೋದಿಲ್ಲ, ಸಂಸ್ಥೆ ನಿಯಮ. ನೀನು ಸೀದಾ ಹೆಬ್ಬಾಳಕ್ಕೆ ಹೋಗು. ಲಕ್ಷ್ಮಿದೇವಮ್ಮೋರು ಇರ್ತಾರೆ. ನಾನು ಕಳಿಸ್ದೆ ಅನ್ನು. ನಿಮ್ಮಿಬ್ರಿಗೂ ಆಶ್ರಮದಲ್ಲಿ ಜಾಗ ಮಾಡಿಸ್ತಾರೆ, ಹುಡುಗಿ ಸ್ಕೂಲಿಗೂ ಹೋಗ್ಬಹುದು."

"ಆಸ್ರಮ ಯಾಕಕ್ಕಾ? ಗತಿಗೆಟ್ಟೋರು ಓಗ್ತಾರೆ ಅಲ್ಗೆ. ನಾ ಇಲ್ಗೆ ಬಂದಿವ್ನಿ."

"ಇಲ್ಲಿ ಆಗೋದಿಲ್ಲ ಅಂದ್ನಲ್ಲ."

ಮುನಿಗಂಗಮ್ಮ ತಲೆಮೇಲಿನ ಗಂಟನ್ನು ಇಳಿಸಿ ಕೆಳಗಿಟ್ಟಳು. ಆಮೇಲೆ, ಮರೆತವರಿಗೆ ನೆನಪು ಮಾಡಿಕೊಡುವ ಹಾಗೆ, ಮೆಲ್ಲಗೆ ಅಂದಳು: "ಮಡ್ಲು ತುಂಬಿದ್ರಲ್ಲಕ್ಕಾ ನೀವು."

ದಾನವ್ವನಿಗೆ ತಟ್ಟನೆ ಹೊಳೆಯಲಿಲ್ಲ. ಹೊಳೆದಾಗ ನಗು ಬಂತು, ರೈಲಿನ ಅವಸರದಲ್ಲಿ ಸ್ವಲ್ಪ ಸಿಟ್ಟೂ ಬಂತು. ಅವಸರದಲ್ಲಿ ರೋಣದ ಮಾತೇ ಬಾಯಿಗೆ ಬಂತು. "ಅಯ್ಯ, ಅದಕ್ಕೇನಾತ ಬೇ? ಅದು ನಮ್ಮ ಕಡೆ ಮನೀಗೆ ಬಂದ ಮುತ್ತೈದೇರಿಗೆಲ್ಲ ತುಂಬ್ತೀವಿ."

"ಎಲ್ರಿಗೂನಾ?"

"ಎಲ್ಲಾರಿಗೂ."

ಮುನಿಗಂಗಮ್ಮನ ಮುಖದಲ್ಲಿ ಸಿಟ್ಟು ಬರಲಿಲ್ಲ. ನಾಚಿಕೆ ಬಂತು. ನಾಲ್ಕು ಜನರ ಮುಂದೆ ತನ್ನದಲ್ಲದ್ದನ್ನು ತನ್ನದೆಂದು ಕೇಳಿ ಸಿಕ್ಕಿಬಿದ್ದವಳ ಹಾಗೆ ತಲೆ ತಗ್ಗಿಸಿದಳು. ಕೆಳಗಿಟ್ಟಿದ್ದ ಗಂಟನ್ನು ಎತ್ತಿ ತಲೆಮೇಲೆ ಇಟ್ಟುಕೊಂಡಳು. "ಓಗ್ಬತ್ತೀನಿ ಮೇಡಮ್ಮೋರೆ" ಅಂದಳು. ಲಕ್ಕಮ್ಮ ಮಾತ್ರ ಬೀದಿಯ ತಿರುವಿನವರೆಗೂ ಹಿಂದಿರುಗಿ ಹಿಂದಿರುಗಿ ನೋಡುತ್ತ ಹೋದಳು. ಹೆಬ್ಬಾಳದ ಕಡೆ ಹೋಗುತ್ತಾರೆ ಎಂದುಕೊಂಡು ದಾನವ್ವ ಆಟೋ ಹತ್ತಿದಳು.

ಬೊಂಬಾಯಿಯ ತರಬೇತಿ ಚೆನ್ನಾಗಿತ್ತು. ದೊಡ್ಡ ದೊಡ್ಡವರು ಬಂದು ಪಾಠ ಹೇಳಿದರು. ದಾನವ್ವ ಅಲ್ಲಿ ಸಮುದ್ರ ನೋಡಿದಳು, ಒಳ್ಳೆಯ ಮಾರ್ಕು ತಗೊಂಡಳು. ಮುನಿಗಂಗಮ್ಮ ಆಗೀಗ ನೆನಪಿಗೆ ಬರುತ್ತಿದ್ದಳು, ಆಶ್ರಮದಲ್ಲಿ ಸುಖವಾಗಿರುತ್ತಾಳೆ ಎಂದು ದಾನವ್ವ ಆ ನೆನಪನ್ನು ಬದಿಗೆ ಸರಿಸುತ್ತಿದ್ದಳು. ವಾಪಸು ಬಂದು ಸಂಸ್ಥೆಯ ಮೊದಲ ಸಭೆಯಲ್ಲಿ, ಸೇವಕರು ಎಲ್ಲಿ ಗೆರೆ ಎಳೆಯಬೇಕು ಎಂಬ ಮಾತು ಬಂದಾಗ, ಅವಳು ನಗುತ್ತಲೇ ಆ ಪ್ರಸಂಗ ಹೇಳಿದಳು. ಹಿಂದೊಮ್ಮೆ ಗಂಡ ಕರೆಯಲು ಬಂದಾಗ ಹೋಳಿಗೆ ಊಟ ಹಾಕಿ, ಉಡಿ ತುಂಬಿ ಕಳಿಸಿದೆ, ಅಷ್ಟಕ್ಕೇ ಆ ಹೆಂಗಸು ವರ್ಷವರ್ಷವೂ ಗೌರಿ ಹಬ್ಬಕ್ಕೆ ಬಂದು, ನನ್ನ ಮನೆಯನ್ನೇ ತನ್ನದು ಅಂದುಕೊಂಡುಬಿಟ್ಟಿದ್ದಳು ನೋಡಿ ಎಂದಳು. ಕೂತವರಲ್ಲಿ ಒಬ್ಬರೂ ನಗಲಿಲ್ಲ.

ಲಕ್ಷ್ಮಿದೇವಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮಡಿಲು ತುಂಬಿದ್ರಾ? ಗಂಡ ಕರೆಯಕ್ಕೆ ಬಂದಾಗ, ಊಟ ಹಾಕಿ, ಮಡಿಲು ತುಂಬಿ ಕಳಿಸಿದ್ರಾ?"

"ಹೌದ್ರಿ. ನಮ್ಮ ಕಡೆ ಎಲ್ಲಾರಿಗೂ..."

"ನಮ್ಮ ಕಡೆ ಹಾಗಲ್ಲ ಕಣ್ರೀ. ನಮ್ಮ ಕಡೆ ಹೆಣ್ಣುಮಗಳಿಗೆ ಮಡಿಲಕ್ಕಿ ಕೊಡೋದು ತವರಿನೋರು. ಇದು ನಿನ್ನ ಮನೆ, ಹೋಗಿ ಬಾ, ಕಷ್ಟ ಬಂದ್ರೆ ಈ ಬಾಗ್ಲು ತೆಗೆದಿರ್ತದೆ ಅಂತ ಅದರ ಅರ್ಥ. ಅವಳಿಗೆ ಬುದ್ಧಿ ಬಂದಾಗ್ಲಿಂದ ತವರೇ ಇರ್ಲಿಲ್ಲ, ನೀವು ಕೊಟ್ರಿ. ಗೌರಿ ಹಬ್ಬಕ್ಕೆ ಬಂದಿದ್ದು ಅದಕ್ಕೇ." ಕನ್ನಡಕ ಮತ್ತೆ ಹಾಕಿಕೊಂಡು ಅಂದರು: "ನಿಯಮ ನಂದೇ, ನಿಜ. ಆದ್ರೆ ಇದನ್ನ ಹೇಳಿದ್ರೆ ನಿಯಮ ಮುರೀರಿ ಅಂತ ನಾನೇ ಹೇಳ್ತಿದ್ದೆ. ಆ ತಾಯಿ ಮಗಳು ಇಲ್ಲಿಗೆ ಬರ್ಲೇ ಇಲ್ಲ, ದಾನವ್ವ."

ದಾನವ್ವನಿಗೆ ತಾನು ಗೇಟಿನ ಹತ್ತಿರ ಆಡಿದ ಒಂದೊಂದು ಮಾತೂ ಕಿವಿಯಲ್ಲಿ ಮತ್ತೆ ಕೇಳಿಸಿತು. ಮಗಳಿಗೆ ತವರಿನವರು, ನಾವು ನಿನಗೊಬ್ಬಳಿಗೇ ಅಲ್ಲ, ದಾರಿಹೋಕರಿಗೆಲ್ಲ ಇದು ನಿನ್ನ ಮನೆ ಅನ್ನುತ್ತೇವೆ ಎಂದಂತೆ ಆಗಿತ್ತು. ತವರಿನ ಬಾಗಿಲಲ್ಲಿ ಹಾಗನ್ನಿಸಿಕೊಂಡವಳು ಇನ್ಯಾವ ಆಫೀಸಿನ ಬೆಂಚಿನ ಮೇಲೆ ಹೋಗಿ ಕೂರುತ್ತಾಳೆ? ಸೀದಾ ತಣಿಸಂದ್ರಕ್ಕೇ ಹೋಗಿದ್ದಳು.

ಆ ಸಭೆಯಿಂದ ಎದ್ದವಳೇ ದಾನವ್ವ ನಾಗವಾರದ ಬಸ್ಸು ಹತ್ತಿದಳು. ಮುನಿಗಂಗಮ್ಮ ಕೊಟ್ಟಿಗೆಯ ಪಕ್ಕದ ಚಾವಡಿಯಲ್ಲಿದ್ದಳು. ಒಳಮನೆ ಸವತಿಯದಾಗಿತ್ತು. ಲಕ್ಕಮ್ಮನ ಮದುವೆ ಆಗಿ ಮೂರು ತಿಂಗಳಾಗುತ್ತ ಬಂದಿತ್ತು, ಹುಡುಗಿ ಕೋಗಿಲಿನಲ್ಲಿದ್ದಳು. ಮುನಿಗಂಗಮ್ಮ ಕಲ್ಲುಚಪ್ಪಡಿಯನ್ನು ಸೆರಗಿನಿಂದ ಒರೆಸಿ, "ಕುಂತ್ಕಳಿ ಮೇಡಮ್ಮೋರೆ" ಎಂದು ಮಜ್ಜಿಗೆ ತಂದುಕೊಟ್ಟಳು. ಬಯ್ಯಲಿಲ್ಲ, ಅಳಲಿಲ್ಲ. ಬೈದಿದ್ದರೆ ದಾನವ್ವನಿಗೆ ಎಷ್ಟೋ ಹಗುರಾಗುತ್ತಿತ್ತು.

"ನಂದು ತಪ್ಪಾತು ತಂಗಿ. ನನಗ ಗೊತ್ತಿರಲಿಲ್ಲ. ಈಗ್ಲೂ ಬಾ. ಹುಡುಗೀನೂ ಕರ್ಕೊಂಡು ಬಾ. ನಮ್ಮನೆಲ್ಲೇ ಇರ್ರಿ" ಎಂದು ದಾನವ್ವ ಅವಳ ಕೈ ಹಿಡಿದಳು.

ಮುನಿಗಂಗಮ್ಮ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು. "ನಿಮ್ದೇನೂ ತೆಪ್ಪಿಲ್ಲ ಬುಡಿ. ನಿಮ್ ಕಡೆ ಇಂಗೆ, ನಮ್ ಕಡೆ ಅಂಗೆ. ನಾನೇ ಕೇಳ್ಬೇಕಿತ್ತು. ತಾಳಿ ಕಟ್ಟಾದ್ ಮ್ಯಾಕೆ ಮಗೀನ ಎಲ್ಗೆ ಕರ್ಕಂಡ್ ಬರ್ಲಿ?"

ದಾನವ್ವ ಅಷ್ಟಕ್ಕೆ ಬಿಡಲಿಲ್ಲ. ಕಾನೂನು ಗೊತ್ತಿದ್ದವಳು, ಲಕ್ಷ್ಮಿದೇವಮ್ಮನವರನ್ನು ಕರಕೊಂಡು ದೂರು ಕೊಟ್ಟಳು. ಪೊಲೀಸರು ಬಂದು ಕೇಳಿದಾಗ ಗಂಡಿನ ಕಡೆಯವರು ಹುಡುಗಿಗೆ ಹದಿನೆಂಟು ಅಂದರು. ತಾಯಿಯನ್ನು ಕರೆದು ಕೇಳಿದರು. ಮುನಿಗಂಗಮ್ಮ ನೆಲ ನೋಡುತ್ತ, "ಊ, ಅದ್ನೆಂಟಾಗೈತೆ" ಅಂದಳು. ಮದುವೆ ಮುರಿದು ಬಂದ ಹುಡುಗಿಯನ್ನು ಕರಕೊಂಡು ಹೋಗಿ ಇಡುವುದಕ್ಕೆ ಒಂದು ಮನೆ ಇದೆ ಎಂದು ಅವಳು ಈಗ ನಂಬುತ್ತಿರಲಿಲ್ಲ. ನಂಬಿದ್ದಾಗ ಬಂದೇ ಇದ್ದಳಲ್ಲ.

ಅಲ್ಲಿಂದಾಚೆ ದಾನವ್ವನ ನೌಕರಿ ಮೇಲಕ್ಕೇ ಹೋಯಿತು. ಹುದ್ದೆ ಸಿಕ್ಕಿತು, ಬೇರೆ ಕೋಣೆ ಸಿಕ್ಕಿತು, ಮೇಜಿಗೆ ಗಾಜು ಹಾಕಿಸಿದರು. ಕಾಲೇಜಿನ ಹುಡುಗಿಯರು ಬಂದು 'ಮೇಡಂ, ನಾವೂ ನಿಮ್ಮ ಹಾಗೆ ಆಗ್ಬೇಕು' ಅನ್ನುತ್ತಿದ್ದರು. ಅಂಥ ಹೊತ್ತಿನಲ್ಲಿ ಅವಳಿಗೆ ಎದ್ದು ಎಲ್ಲಾದರೂ ಹೋಗಿಬಿಡಬೇಕು ಅನ್ನಿಸುತ್ತಿತ್ತು. ನೂರಾರು ಹೆಂಗಸರಿಗೆ ಅವಳಿಂದ ಒಳ್ಳೆಯದಾದದ್ದೂ ಉಂಟು, ಅದನ್ನು ಅಲ್ಲಗಳೆಯಬಾರದು. ಆದರೆ ಮನಸ್ಸು ಲೆಕ್ಕಕ್ಕೆ ಬಗ್ಗುವುದಿಲ್ಲ. ಒಂದು ಮಾತು ಕೇಳಿದ್ದರೆ ಸಾಕಿತ್ತು, ಒಂದು ರೈಲು ತಪ್ಪಿಸಿಕೊಂಡಿದ್ದರೆ ಸಾಕಿತ್ತು ಎಂದು ಅವಳು ಒಗ್ಗರಣೆ ಹಾಕುವಾಗ, ಬಸ್ಸಿಗೆ ಕಾಯುವಾಗ, ಇದ್ದಕ್ಕಿದ್ದಂತೆ ಅಂದುಕೊಳ್ಳುತ್ತಿದ್ದಳು. ಮಿಂಚಿಹೋದ ಕಾಲಕ್ಕೆ ಚಿಂತಿಸಿ ಫಲವಿಲ್ಲ ಎಂದು ಗಾದೆ ಮಾಡಿದವರು ಯಾರೋ, ಅವರಿಗೆ ಇಂಥದ್ದು ಆಗಿರಲಿಕ್ಕಿಲ್ಲ. ಫಕೀರಪ್ಪ ಒಂದು ದಿನವೂ 'ನಾ ಅವತ್ತೇ ಹೇಳಿದ್ದೆ' ಅನ್ನಲಿಲ್ಲ. ಅನ್ನದೆ ಇದ್ದದ್ದು ಅವಳನ್ನು ಇನ್ನಷ್ಟು ಚುಚ್ಚುತ್ತಿತ್ತು. ಗೌರಿ ಹಬ್ಬದ ಹಿಂದಿನ ದಿನ ಪ್ರತಿವರ್ಷ ಬಾಗಿನ ಹಿಡಿದು ತಣಿಸಂದ್ರಕ್ಕೆ ಹೋದಳು. ಮುನಿಗಂಗಮ್ಮ ಎರಡು ಕೈಯಲ್ಲಿ ತಗೊಂಡು, ಮಜ್ಜಿಗೆ ಕೊಟ್ಟು, ಮೇಡಮ್ಮೋರೆ ಎಂದೇ ಕರೆದು ಕಳಿಸಿದಳು.

ಎಂಬತ್ತೆಂಟರಲ್ಲಿ, ಒಂದು ಬುಧವಾರ, ಆಫೀಸಿನ ಬೆಂಚಿನ ಮೇಲೆ ಕೂತಿದ್ದವರ ಸರದಿಯಲ್ಲಿ ಒಬ್ಬ ಸಣಕಲು ಹುಡುಗಿ ಒಳಗೆ ಬಂದು ಕೂತಳು. ಕಂಕುಳಲ್ಲಿ ಹೆಣ್ಣುಕೂಸು, ಹುಬ್ಬಿನ ಮೇಲೆ ಹಳೆಯ ಗಾಯದ ಗುರುತು. "ಕೋಗಿಲು. ತವ್ರು ತಣಿಸಂದ್ರ" ಅಂದಾಗ ದಾನವ್ವ ತಲೆ ಎತ್ತಿ ನೋಡಿದಳು. ಶಾಲೆಯ ಚೀಲ ಅವಚಿಕೊಂಡು ಹಿಂದಿರುಗಿ ನೋಡುತ್ತ ಹೋದವಳ ಕಣ್ಣುಗಳೇ.

"ಲಕ್ಕಮ್ಮಾ?"

"ಊ, ಮೇಡಮ್ಮೋರೆ. ಅವ್ನು ವಾರದಿಂದ ಮನೆಯಿಂದಾಚ್ಗೆ ಆಕವ್ನೆ. ಒಂದು ಕೆಲ್ಸ ಕೊಡ್ಸಿ. ಇರಾಕೊಂದ್ ತಾವು ತೋರ್ಸಿ. ಆಸ್ರಮ ಆದ್ರೂ ಆಯ್ತದೆ."

ದಾನವ್ವ ಕುರ್ಚಿಯಿಂದ ಎದ್ದೇಬಿಟ್ಟಳು. ಹೊರಗೆ ಬೆಂಚಿನ ಮೇಲೆ ಇನ್ನೂ ಜನ ಕಾಯುತ್ತಿದ್ದರು, ಅವಳಿಗೆ ಅದು ಕಾಣಿಸಲಿಲ್ಲ. "ಆಶ್ರಮ ಯಾಕ ಬೇ? ನಡಿ, ನಮ್ಮನೀಗೆ ನಡಿ. ಖೋಲಿ ಐತಿ. ನಿನ್ನ ಕೂಸಿನ್ನ ನಾ ಸಾಲೀಗೆ ಹಚ್ತೀನಿ. ಏಳು, ಈಗ ಹೋಗೂಣು." ಏಳು ವರ್ಷದಿಂದ ಹೇಳಬೇಕೆಂದುಕೊಂಡಿದ್ದ ಮಾತು.

ಲಕ್ಕಮ್ಮ ಕೂತಲ್ಲಿಂದ ಏಳಲಿಲ್ಲ. ಗಾಬರಿಯಾದವಳಂತೆ ಕೂಸನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಬ್ಯಾಡಿ ಮೇಡಮ್ಮೋರೆ. ಬರೋವಾಗ ಅವ್ವ ಏಳಿ ಕಳ್ಸವ್ಳೆ. ಬುದ್ವಾರ ಓಗು, ಆಪೀಸ್ನಾಗೇ ಮಾತಾಡು, ಅವ್ರ ಮನೆ ತಾವ್ಕೆ ಮಾತ್ರ ಓಗ್ಬ್ಯಾಡ, ಅವ್ರಿಗೆ ತೊಂದ್ರೆ ಆಯ್ತದೆ ಅಂತ."

ದಾನವ್ವ ಮೇಜಿನ ಆಚೆ ಹೋಗಿ ತನ್ನ ಕುರ್ಚಿಯಲ್ಲಿ ಕೂತಳು. ಗಂಡನ ಹೆಸರೇನು, ಮದುವೆಯಾಗಿ ಎಷ್ಟು ವರ್ಷ, ಎಷ್ಟನೇ ತರಗತಿಯವರೆಗೆ ಓದಿದ್ದೀ ಎಂದು ಒಂದೊಂದಾಗಿ ಕೇಳತೊಡಗಿದಳು. ಲಕ್ಕಮ್ಮ, ಸರದಿಯಲ್ಲಿ ಬಂದ ಎಲ್ಲರ ಹಾಗೆ ಕುರ್ಚಿಯ ತುದಿಯಲ್ಲಿ ಮುದುಡಿ ಕೂತು, ಕೇಳಿದ್ದಕ್ಕೆಲ್ಲ ಮರ್ಯಾದೆಯಿಂದ ಉತ್ತರ ಹೇಳಿದಳು.